ಹಾಯಿದೋಣಿ ಹತ್ತಿ ಕಲ್ಲು ನೋಡಿ ಬಂದೆವು

ಮೂವತ್ನಾಲ್ಕು ವರ್ಷ ಸರ್ವೆ ಇಲಾಖೆಯಲ್ಲಿ ಹೊಲ ಅಳೆದು ನಿವೃತ್ತನಾದವನು ನಾನು. ಕಲಬುರಗಿ ಕಡೆಯ ಎರೆ ಹೊಲ, ತೊಗರಿ, ಬಾಂದುಕಲ್ಲು, ಒಡ್ಡಿನ ಮೇಲಿನ ಜಗಳ, ಇಷ್ಟೇ ನನ್ನ ಪ್ರಪಂಚ. ಸಮುದ್ರ ನೋಡಿದ್ದು ಗೋಕರ್ಣದಲ್ಲಿ ಎರಡು ಸಲ, ಅದೂ ಮೊಣಕಾಲು ಒದ್ದೆಯಾಗುವಷ್ಟು. ಅಂಥವನಿಗೆ ಮಗಳು ಮ್ಯೂನಿಕ್‌ನಿಂದ ಫೋನ್ ಮಾಡಿ, "ಅಪ್ಪಾ, ಸೆಪ್ಟೆಂಬರ್‌ದಾಗ ಕ್ರೊಯೇಷಿಯಾಕ್ಕ ಹೋಗೋಣು. ಒಂದು ವಾರ ಹಾಯಿದೋಣಿ" ಅಂದಳು. ನಾನು ಬೇಡ ಅನ್ನುವುದರೊಳಗೆ ಅವರಮ್ಮ ಹೂಂ ಅಂದಾಗಿತ್ತು.

ವೀಸಾ ಒಂದೇ ಸಾಕಾಯಿತು. 2023ರ ಜನವರಿ 1ರಿಂದ ಕ್ರೊಯೇಷಿಯಾ ಕೂಡ ಷೆಂಗೆನ್, ಅಂದರೆ ಒಂದೇ ವೀಸಾದಲ್ಲಿ ತಿರುಗಬಹುದಾದ ಯುರೋಪಿನ ದೇಶಗಳ ಗುಂಪಿನ ಒಳಗೆ ಬಂದಿದೆ, ದುಡ್ಡೂ ಯೂರೋ ಆಗಿದೆ. ಲಗೇಜ್ ವಿಷಯದಲ್ಲಿ ಮಾತ್ರ ಅಳಿಯಂದಿರು ಕಟ್ಟುನಿಟ್ಟು. "ಮಾವಾರ, ಸೂಟ್‌ಕೇಸ್ ತರಬ್ಯಾಡ್ರಿ, ದೋಣಿಯಾಗ ಇಡಾಕ ಜಾಗ ಇರಂಗಿಲ್ಲ" ಅಂದಿದ್ದರು. ಹಾಗಾಗಿ ಎರಡು ಬಟ್ಟೆ ಚೀಲ. ಒಂದರಲ್ಲಿ ಅರ್ಧ ಭಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ನನ್ನ ಹೆಂಡತಿ ರೊಟ್ಟಿಯ ನಡುವೆ ನನ್ನ ಬನಿಯನ್‌ಗಳನ್ನು ತುರುಕಿದ್ದಳು. ಬನಿಯನ್ ಮಡಿಕೆ ಕೆಡಬಾರದು ಅಂತಲ್ಲ, ರೊಟ್ಟಿ ಮುರಿಯಬಾರದು ಅಂತ.

ಶನಿವಾರ: ಸ್ಪ್ಲಿಟ್

ದೋಣಿ ಕೈಗೆ ಸಿಗುವುದು ಸಂಜೆ ಐದಕ್ಕೆ. ಬೆಳಿಗ್ಗೆಯೇ ಸ್ಪ್ಲಿಟ್ ಅನ್ನುವ ಈ ಬಂದರು ಊರಿನಲ್ಲಿ ವಿಮಾನ ಇಳಿದಿದ್ದೆವು. ನಡುವಿನ ಹೊತ್ತು ಪೂರ್ತಿ ಡಯೊಕ್ಲೀಷಿಯನ್ ಅರಮನೆಗೆ.

ಅರಮನೆ ಅಂದರೆ ನಾನು ಮೈಸೂರಿನದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದೆ. ಟಿಕೆಟ್ ಕೌಂಟರ್, ಗೇಟು, ಚಪ್ಪಲಿ ಬಿಡುವ ಜಾಗ. ಇಲ್ಲಿ ಹಾಗಲ್ಲ. ಅರಮನೆಯ ಒಳಗೇ ಊರು. ರೋಮನ್ ಗೋಡೆಗೆ ಆತುಕೊಂಡು ಮನೆಗಳು, ಕಮಾನಿನ ಕೆಳಗೆ ಕಾಫಿ ಅಂಗಡಿ, 1700 ವರ್ಷ ಹಳೆಯ ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ ಒಣಹಾಕಿದ ಬೆಡ್‌ಶೀಟು. ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ ಇದನ್ನು ಕಟ್ಟಿಸಿದ್ದು ನಿವೃತ್ತಿಯ ನಂತರ ಇರಲು. 305ರಲ್ಲಿ ತಾನೇ ಪದವಿ ಬಿಟ್ಟು, ಹುಟ್ಟಿದ ಸೀಮೆಗೆ ಬಂದು ನೆಲೆಸಿದ. ಮತ್ತೆ ಪಟ್ಟಕ್ಕೆ ಬಾ ಅಂತ ಕರೆಯಲು ಬಂದವರಿಗೆ, ನಾನು ಕೈಯಾರೆ ಬೆಳೆದ ಎಲೆಕೋಸು ನೋಡಿದ್ದರೆ ನೀವು ಹೀಗೆ ಕೇಳುತ್ತಿರಲಿಲ್ಲ ಅಂದನಂತೆ. ನಿವೃತ್ತಿಯಾದ ಮೇಲೆ ಹಿತ್ತಲಲ್ಲಿ ನಾಲ್ಕು ಬದನೆ ಗಿಡ ಹಾಕಿಕೊಂಡಿರುವ ನನಗೆ ಈ ಮನುಷ್ಯ ತಕ್ಷಣ ಹಿಡಿಸಿಬಿಟ್ಟ.

ಹಳೇ ಚಾಳಿ, ಹೆಜ್ಜೆ ಹಾಕಿ ಗೋಡೆ ಅಳೆಯಲು ಶುರು ಮಾಡಿದೆ. ನನ್ನ ಹೆಜ್ಜೆ ಎರಡೂವರೆ ಅಡಿ, ಇಷ್ಟು ವರ್ಷದಲ್ಲಿ ಒಂದಿಂಚು ಹೆಚ್ಚುಕಡಿಮೆ ಆಗಿಲ್ಲ. ಅರ್ಧ ದಾರಿಯಲ್ಲಿ ಐಸ್‌ಕ್ರೀಮ್ ಅಂಗಡಿಯ ಸಾಲು ಅಡ್ಡ ಬಂದು ಲೆಕ್ಕ ತಪ್ಪಿತು. ಅಳಿಯಂದಿರು ಮೊಬೈಲ್ ನೋಡಿ ಹೇಳಿದರು: ಸುಮಾರು 215 ಮೀಟರ್ ಉದ್ದ, 180 ಮೀಟರ್ ಅಗಲ. ಒಂಬತ್ತೂವರೆ ಎಕರೆಯ ಮನೆ.

ಈ ಚಕ್ರವರ್ತಿ ಕ್ರೈಸ್ತರನ್ನು ಹಿಂಸಿಸಿದವನು. ಪಕ್ಕದ ಸಲೋನಾ ಊರಿನ ಬಿಷಪ್ ದೊಮ್ನಿಯುಸ್ ಸತ್ತಿದ್ದು ಇವನ ಕಾಲದಲ್ಲೇ, 304ರಲ್ಲಿ. ಮುಂದೆ ಜನ ಏನು ಮಾಡಿದರು ನೋಡಿ: ಚಕ್ರವರ್ತಿ ತನಗಾಗಿ ಕಟ್ಟಿಸಿಕೊಂಡ ಸಮಾಧಿಯನ್ನೇ ಆ ಬಿಷಪ್ಪನ ಹೆಸರಿನ ಚರ್ಚು ಮಾಡಿದರು. ಚಕ್ರವರ್ತಿಯ ಶವಪೆಟ್ಟಿಗೆ ಇವತ್ತು ಅಲ್ಲಿಲ್ಲ. ಬಾಗಿಲ ಮುಂದೆ ಈಜಿಪ್ಟಿನಿಂದ ತರಿಸಿದ ಕರಿಕಲ್ಲಿನ ಸ್ಫಿಂಕ್ಸ್ ಮಾತ್ರ ಇನ್ನೂ ಕೂತಿದೆ.

ನನಗೆ ಜಾಸ್ತಿ ಇಷ್ಟವಾದದ್ದು ನೆಲಮಾಳಿಗೆ. ಮೇಲಿನ ಮನೆಗಳವರು ನೂರಾರು ವರ್ಷ ನೆಲಕ್ಕೆ ತೂತು ಕೊರೆದು ಕಸ, ಕೊಳಚೆ ಎಲ್ಲ ಕೆಳಗೆ ಸುರಿದರಂತೆ. ಕೋಣೆಗಳು ತುಂಬಿಹೋದವು. ಹಾಗೆ ತುಂಬಿದ್ದರಿಂದಲೇ ಯಾರೂ ಕೆಡವಲಿಲ್ಲ, ಬದಲಾಯಿಸಲಿಲ್ಲ. ಕಳೆದ ಶತಮಾನದಲ್ಲಿ ಬಗೆದು ತೆಗೆದಾಗ ಕಮಾನುಗಳು ಇದ್ದ ಹಾಗೇ ಸಿಕ್ಕವು. ಮೇಲಿನ ಮಹಡಿಯ ನಕ್ಷೆ ಹೇಗಿತ್ತು ಅನ್ನುವುದೂ ಈ ಕೆಳಗಿನ ಕೋಣೆಗಳಿಂದಲೇ ಗೊತ್ತಾದದ್ದು. ಕಸ ದಾಖಲೆ ಕಾಪಾಡಿದ್ದನ್ನು ನಾನು ತಾಲ್ಲೂಕು ಕಚೇರಿಯಲ್ಲೂ ನೋಡಿದ್ದೇನೆ, ಬಿಡಿ.

ಉತ್ತರದ ಬಾಗಿಲ ಹೊರಗೆ ಗ್ರೆಗರಿ ಅನ್ನುವ ಹತ್ತನೇ ಶತಮಾನದ ಬಿಷಪ್ಪನ ದೊಡ್ಡ ಕಂಚಿನ ಮೂರ್ತಿ. ಮೆಶ್ತ್ರೊವಿಚ್ ಎಂಬ ಶಿಲ್ಪಿ 1929ರಲ್ಲಿ ಮಾಡಿದ್ದು. ಪೂಜೆ ಲ್ಯಾಟಿನ್‌ನಲ್ಲಿ ಬೇಡ, ಜನರ ಮಾತಿನಲ್ಲಿ ಆಗಲಿ ಅಂತ ವಾದ ಮಾಡಿದವನಂತೆ. ಶರಣರ ನಾಡಿನಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಅವನ ಎಡಗಾಲಿನ ಹೆಬ್ಬೆರಳು ಮುಟ್ಟಿದರೆ ಅದೃಷ್ಟ ಅಂತ ಎಲ್ಲರೂ ಮುಟ್ಟಿ ಮುಟ್ಟಿ ಬಂಗಾರದ ಹಾಗೆ ಹೊಳೆಯುತ್ತಿದೆ. ನನ್ನ ಹೆಂಡತಿ ಮುಟ್ಟಿ ಕೈ ಕಣ್ಣಿಗೆ ಒತ್ತಿಕೊಂಡಳು. ಹಿಂದೆ ನಿಂತಿದ್ದ ಜರ್ಮನ್ ಹೆಂಗಸೂ ಹಾಗೇ ಮಾಡಿದಳು.

ಸಂಜೆ ದೋಣಿ. ಹನ್ನೆರಡು ಮೀಟರ್ ಉದ್ದ, ಒಳಗೆ ಗೂಡಿನಂಥ ಮೂರು ಕೋಣೆ. ಅಳಿಯಂದಿರ ಬಳಿ ಲೈಸೆನ್ಸ್ ಇದೆ, ಆದರೂ ಮಾವನ ಧೈರ್ಯಕ್ಕೆ ಅಂತ ಊರಿನ ಕ್ಯಾಪ್ಟನ್ ಒಬ್ಬರನ್ನು ಗೊತ್ತು ಮಾಡಿದ್ದರು. ಅರವತ್ತು ದಾಟಿದವರು, ಮಾತು ಕಡಿಮೆ. ಧಕ್ಕೆಯಿಂದ ದೋಣಿಗೆ ಹೋಗಲು ಒಂದು ಹಲಗೆ. ಅಗಲ ಹೆಚ್ಚೆಂದರೆ ಒಂದೂಕಾಲು ಅಡಿ, ಕೆಳಗೆ ನೀರು. ಹೆಂಡತಿ ಸೀರೆ ಎತ್ತಿ ಸಿಕ್ಕಿಸಿಕೊಂಡು, ಹೊಲದ ಕಾಲುವೆ ದಾಟುವವಳ ಹಾಗೆ ದಾಟಿಬಿಟ್ಟಳು. ನನ್ನ ಕೈ ಹಿಡಿದು ದಾಟಿಸಿದ್ದು ಒಂಬತ್ತು ವರ್ಷದ ಮೊಮ್ಮಗ. "ಮುತ್ಯಾ, ಕೆಳಗ ನೋಡಬ್ಯಾಡ" ಅಂತ ನನಗೇ ಬುದ್ಧಿ ಹೇಳಿದ.

ಭಾನುವಾರ: ಬ್ರಾಚ್ ದ್ವೀಪ, ಪುಚಿಶ್ಚಾ

ಸಮುದ್ರದ ಬಗ್ಗೆ ಬರೆಯುವುದಕ್ಕೆ ನನ್ನ ಬಳಿ ಹೆಚ್ಚೇನಿಲ್ಲ. ನಾಲ್ಕು ತಾಸು ಶುಂಠಿ ಅಗಿಯುತ್ತಾ, ದೂರದ ಗುಡ್ಡದ ಮೇಲೆ ಕಣ್ಣು ನೆಟ್ಟು ಕೂತಿದ್ದೆ. ದೋಣಿ ಓರೆಯಾದಾಗಲೆಲ್ಲ ಮೊಮ್ಮಗ ಖುಷಿಯಲ್ಲಿ ಕೂಗುತ್ತಿದ್ದ, ನಾನು ಮನಸ್ಸಿನಲ್ಲೇ ಶರಣಬಸವೇಶ್ವರನನ್ನು ಕೂಗುತ್ತಿದ್ದೆ.

ಪುಚಿಶ್ಚಾ ಬಂದಾಗ ಕಣ್ಣು ಕೋರೈಸಿತು. ಊರಿಗೆ ಊರೇ ಬಿಳಿ. ಗೋಡೆ ಬಿಳಿ, ಮೆಟ್ಟಿಲು ಬಿಳಿ, ಕೆಲವು ಮನೆಗಳ ಚಾವಣಿಯೂ ಕಲ್ಲಿನ ಚಪ್ಪಡಿಯದ್ದೇ. ಬ್ರಾಚ್‌ನ ಸುಣ್ಣದ ಕಲ್ಲಿಗೆ ಎರಡು ಸಾವಿರ ವರ್ಷದ ಹೆಸರಿದೆ. ನಿನ್ನೆ ನೋಡಿದ ಅರಮನೆಗೆ ಕಲ್ಲು ಹೋದದ್ದು ಈ ದ್ವೀಪದಿಂದಲೂ. ರೋಮನ್ನರ ಕ್ವಾರಿಯೊಂದರಲ್ಲಿ ಕೆಲಸದವರು ಬಂಡೆಯ ಮೇಲೆ ಕೆತ್ತಿದ ಹರ್ಕ್ಯುಲಿಸ್ ಚಿತ್ರ ಈಗಲೂ ಇದೆಯಂತೆ. ಅಮೆರಿಕದ ವೈಟ್ ಹೌಸ್ ಕೂಡ ಇದೇ ಕಲ್ಲು ಅಂತ ಧಕ್ಕೆಯಲ್ಲಿ ಸಿಕ್ಕವರೆಲ್ಲ ಹೇಳಿದರು. ನಾನು ನಂಬಲಿಲ್ಲ. ಅದರ ಗೋಡೆಗೆ ಬಳಸಿದ್ದು ವರ್ಜೀನಿಯಾದ ಮರಳುಗಲ್ಲು. ಆದರೆ ಊರಿನವರ ಹೆಮ್ಮೆಗೆ ಅಡ್ಡ ಮಾತಾಡಬಾರದು, ತಲೆ ಆಡಿಸಿದೆ.

ಊರಿನ ನಡುವೆ, ನೀರಿನ ಪಕ್ಕದಲ್ಲೇ ಕಲ್ಲುಕುಟಿಗರ ಶಾಲೆ. 1909ರಲ್ಲಿ ಶುರುವಾದದ್ದು. ಭಾನುವಾರ, ಮಕ್ಕಳಿಲ್ಲ. ಕಿಟಕಿಯ ಮೂಲಕ ಇಣುಕುವುದಷ್ಟೇ ನಮ್ಮ ಪಾಲಿಗೆ ಅಂದುಕೊಂಡಿದ್ದೆವು. ಕ್ಯಾಪ್ಟನ್ ಯಾರಿಗೋ ಫೋನ್ ಮಾಡಿದರು, ಸೋಮವಾರ ಬೆಳಿಗ್ಗೆ ಬನ್ನಿ ಅಂದರಂತೆ. ಒಂದು ರಾತ್ರಿ ಅಲ್ಲೇ ಕಳೆದೆವು. ಊಟಕ್ಕೆ ಬ್ಲಿತ್ವಾ: ಒಂಥರಾ ದಪ್ಪ ಎಲೆಯ ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಮೇಲೆ ಆಲಿವ್ ಎಣ್ಣೆ. ನಮ್ಮ ರೊಟ್ಟಿಗೆ ಇದಕ್ಕಿಂತ ಒಳ್ಳೆ ಜೋಡಿ ಯುರೋಪಿನಲ್ಲಿ ಸಿಗಲಾರದು. ವಾರ ಪೂರ್ತಿ ಸಸ್ಯಾಹಾರಿಗಳನ್ನು ಕಾಪಾಡಿದ್ದು ಈ ಪಲ್ಯ.

ಸೋಮವಾರ: ಕಲ್ಲಿನ ಶಾಲೆ, ಆಮೇಲೆ ಹ್ವಾರ್

ಬೆಳಿಗ್ಗೆ ಶಾಲೆ. ಹದಿನೈದು, ಹದಿನಾರು ವರ್ಷದ ಹುಡುಗರು, ನಾಲ್ಕಾರು ಹುಡುಗಿಯರೂ ಇದ್ದರು. ಮೈಯೆಲ್ಲ ಬಿಳಿ ಪುಡಿ. ಯಂತ್ರದ ಸದ್ದಿಲ್ಲ, ಸುತ್ತಿಗೆ ಉಳಿಯ ಟಕ್ ಟಕ್ ಅಷ್ಟೇ. ರೋಮನ್ನರ ಕಾಲದ ಮಾದರಿಯ ಉಪಕರಣದಲ್ಲೇ ಕೈಕೆಲಸ ಕಲಿಸುತ್ತಾರೆ. ಒಬ್ಬ ಹುಡುಗ ಹಲ್ಲಿರುವ ಸುತ್ತಿಗೆಯಿಂದ ಕಲ್ಲಿನ ಮುಖ ಸಮ ಮಾಡುತ್ತಿದ್ದ. ಒಂದು ಸಾಲು ಹೊಡೆಯುತ್ತಾನೆ, ಅಂಗೈಯಿಂದ ಪುಡಿ ಒರೆಸುತ್ತಾನೆ, ಬಗ್ಗಿ ಕಣ್ಣನ್ನು ಕಲ್ಲಿನ ಮಟ್ಟಕ್ಕೆ ತರುತ್ತಾನೆ, ಬೆಳಕಿಗೆ ಎದುರಾಗಿ ನೋಡುತ್ತಾನೆ, ಮತ್ತೆ ಹೊಡೆಯುತ್ತಾನೆ. ಹೊಸದಾಗಿ ತೆಗೆದ ಕಲ್ಲು ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ ಅಂತ ಮಾಸ್ತರು ಹೇಳಿದರು.

ನಾನು ಸುಮ್ನೆ ನಿಂತಿರಲಾರದೆ, ನಮ್ಮೂರ ಶಹಾಬಾದ್ ಕಲ್ಲಿನ ಫೋಟೋ ಮೊಬೈಲ್‌ನಲ್ಲಿ ತೋರಿಸಿದೆ. ಅದೂ ಸುಣ್ಣದ ಕಲ್ಲೇ. ಆದರೆ ನಮ್ಮದು ಪುಸ್ತಕದ ಹಾಳೆಯ ಹಾಗೆ ಪದರ ಪದರವಾಗಿ ಏಳುತ್ತದೆ, ಚಪ್ಪಡಿಯೇ ಸಿಗುತ್ತದೆ. ಇವರದ್ದು ದಿಮ್ಮಿ, ಕೊಯ್ಯಬೇಕು. ಮಾಸ್ತರು ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದರು. ನಮ್ಮ ಮನೆಯ ಪಡಸಾಲೆ ಅದು, ನಡುವೆ ಜೋಳದ ಚೀಲ ಬೇರೆ ಇದೆ. ಮಗಳು ಭಾಷಾಂತರ ಮಾಡುತ್ತಾ ಮಾಡುತ್ತಾ ನಗುತ್ತಿದ್ದಳು. ಹೊರಡುವಾಗ ಮಾಸ್ತರು ಅಂಗೈ ಅಗಲದ ಒಂದು ಬಿಳಿ ಚೂರು ಕೊಟ್ಟರು. ಹೆಂಡತಿ ಬೆರಳಿನಿಂದ ಸವರಿ, "ಬೆಳ್ಳುಳ್ಳಿ ಜಜ್ಜಾಕ ಛಲೋ ಆಗ್ತದ" ಅಂದಳು.

ಮಧ್ಯಾಹ್ನ ಮಾಯೆಸ್ತ್ರಾಲ್ ಎದ್ದಿತು. ವಾಯವ್ಯದಿಂದ ಬರುವ ಒಳ್ಳೆಯ ಗಾಳಿ ಅದು, ಹವೆ ಚೆನ್ನಾಗಿದ್ದಾಗ ಮಧ್ಯಾಹ್ನ ಏಳುತ್ತದೆ, ಸೂರ್ಯ ಮುಳುಗಿದ ಮೇಲೆ ಮಲಗುತ್ತದೆ. ಬ್ರಾಚ್‌ನ ಪಶ್ಚಿಮದ ತುದಿ ಸುತ್ತಿ, ಹ್ವಾರ್ ದ್ವೀಪದ ಸ್ತಾರಿ ಗ್ರಾದ್ ಮುಟ್ಟುವಾಗ ಕತ್ತಲು. ಅವತ್ತಿನ ದಿನದ ಉಳಿದ ಭಾಗ ನನಗೆ ನೆನಪಿಲ್ಲ. ಮಲಗಿದ್ದೆ.

ಮಂಗಳವಾರ: ಸ್ತಾರಿ ಗ್ರಾದ್, ಅಂದರೆ ಹಳೇ ಊರು

ಈ ಪ್ರವಾಸದಲ್ಲಿ ಒಂದೇ ದಿನ ಮತ್ತೆ ಸಿಗುತ್ತೆ ಅಂದರೆ ನಾನು ಕೇಳುವುದು ಈ ಮಂಗಳವಾರವನ್ನು.

ಕ್ರಿಸ್ತಪೂರ್ವ 384ರಲ್ಲಿ ಪಾರೊಸ್ ದ್ವೀಪದ ಗ್ರೀಕರು ಇಲ್ಲಿಗೆ ಬಂದು ಫಾರೊಸ್ ಅನ್ನುವ ಊರು ಕಟ್ಟಿದರು. ಊರು ಕಟ್ಟಿದವರು ಎಲ್ಲೆಲ್ಲೂ ಇದ್ದಾರೆ. ಇವರು ಮಾಡಿದ ದೊಡ್ಡ ಕೆಲಸ ಊರ ಹಿಂದಿನ ಬಯಲನ್ನು ಅಳೆದು ಹಂಚಿದ್ದು. ನೇರ ದಾರಿಗಳು, ದಾರಿಯ ಬದಿಗೆ ಕಲ್ಲಿನ ಗೋಡೆ, ನಡುವೆ ಒಂದೇ ಅಳತೆಯ ಪಾಲು. ಪ್ರತಿ ಪಾಲು ಸುಮಾರು 181 ಮೀಟರ್ ಅಗಲ, 905 ಮೀಟರ್ ಉದ್ದ. ಗ್ರೀಕರ ಲೆಕ್ಕದಲ್ಲಿ ಒಂದು ಸ್ಟೇಡಿಯಾ ಅಗಲ, ಐದು ಸ್ಟೇಡಿಯಾ ಉದ್ದ. 24 ಶತಮಾನವಾದರೂ ಆ ಗೆರೆಗಳು ಅಳಿಸಿಲ್ಲ. ಈಗಲೂ ಅದೇ ಗೋಡೆಗಳ ನಡುವೆ ದ್ರಾಕ್ಷಿ, ಆಲಿವ್ ಬೆಳೆಯುತ್ತಾರೆ. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಬಾಡಿಗೆ ಸೈಕಲ್ ಹಿಡಿದು ಹೊರಟೆವು. ಬಯಲು ಸಮ, ನನ್ನಂಥವನಿಗೂ ತುಳಿಯಬಹುದು. ದಾರಿ ನೇರಕ್ಕೆ ಹೋಗುತ್ತದೆ, ಹೋಗುತ್ತಲೇ ಇರುತ್ತದೆ. ಒಂದು ಮೂಲೆಯಲ್ಲಿ ಇಳಿದು ನಿಂತೆ. ಎರಡು ಗೋಡೆಗಳು ತೊಂಬತ್ತು ಡಿಗ್ರಿಗೆ ಸೇರುತ್ತವೆ. ಕಾಗದವಿಲ್ಲ, ಥಿಯೋಡಲೈಟ್ ಇಲ್ಲ, ಟೋಟಲ್ ಸ್ಟೇಷನ್ ಅಂತೂ ಕನಸಿನ ಮಾತು. ಕೋಲು, ಹಗ್ಗ, ಕಣ್ಣು ಇಷ್ಟರಲ್ಲೇ ಈ ಕಾಟಕೋನ ಹಿಡಿದವನು ಯಾರಪ್ಪಾ! ಅವನ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಸರ್ವೆಯರ್ ಹೆಸರು ಯಾವತ್ತೂ ಇರುವುದಿಲ್ಲ, ಅದು ಬೇರೆ ಮಾತು. ಮಾಲೀಕನ ಹೆಸರು ಮಾತ್ರ ಉಳಿದಿದೆ. ಇದೇ ಬಯಲಿನಲ್ಲಿ ಒಂದು ಗಡಿಕಲ್ಲು ಸಿಕ್ಕಿದೆ. ಪಿಥೆಯೊಸನ ಮಗ ಮಾಥಿಯೊಸನ ಎಲ್ಲೆ ಇದು ಅಂತ ಗ್ರೀಕಿನಲ್ಲಿ ಬರೆದಿದೆಯಂತೆ. ನನಗೆ ನಗು ಬಂತು. ಇದನ್ನು ನಮ್ಮ ಪಹಣಿಯಲ್ಲಿ ಹೇಗೆ ಬರೆಯುತ್ತೇವೆ ಗೊತ್ತಲ್ಲ: ಮಾಥಿಯೊಸ್ ತಂದೆ ಪಿಥೆಯೊಸ್. ಬರೆದು, ಕಲ್ಲು ನೆಟ್ಟು ಬಂದರೆ ಮುಗೀತು.

ಮೊಬೈಲ್ ತೆಗೆದು ಲೆಕ್ಕ ಹಾಕಿದೆ. 181 ಗುಣಿಸು 905. ನಲವತ್ತು ಎಕರೆ ಹತ್ತೊಂಬತ್ತು ಗುಂಟೆ. "ಒಬ್ಬೊಬ್ಬಗ ನಲವತ್ತೆಕರೆನಾ?" ಅಂದಳು ಹೆಂಡತಿ. ಅವಳ ಅಣ್ಣತಮ್ಮಂದಿರು ಮೂರೂವರೆ ಎಕರೆಗೆ ಹನ್ನೊಂದು ವರ್ಷ ಕೋರ್ಟಿಗೆ ಅಲೆದವರು. ಅಷ್ಟೂ ಒಬ್ಬನಿಗೇ ಅಂತಿಲ್ಲ, ಒಳಗೆ ಮತ್ತೆ ಸಣ್ಣ ಪಾಲು ಮಾಡಿರಬೇಕು ಅಂದೆ. "ಹಂಗಾರ ಹಿಸ್ಸಾ ಆಗಲೇಬೇಕಲ್ಲ" ಅಂದಳು, ಸಮಾಧಾನವಾದವಳ ಹಾಗೆ.

ಗೋಡೆಗಳಿಗೆ ಗಾರೆ ಇಲ್ಲ. ಹೊಲದಲ್ಲಿ ಆಯ್ದ ಕಲ್ಲನ್ನು ಒಂದರ ಮೇಲೊಂದು ಕೂರಿಸಿದ್ದು. ಅಲ್ಲಲ್ಲಿ ಕಲ್ಲಿನ ದೊಡ್ಡ ಗುಪ್ಪೆಗಳು, ಮಳೆ ಬಂದರೆ ನುಗ್ಗಿ ಕೂರಲು ಗುಂಡನೆಯ ಕಲ್ಲಿನ ಗುಡಿಸಲುಗಳು. ಮೊಮ್ಮಗ ಒಂದರೊಳಗೆ ಹೋಗಿ ಹೊರಗೆ ಬರಲೇ ಇಲ್ಲ. ಒಳಗೆ ತಂಪು. ನಾವೂ ಹೋಗಿ ಕೂತು ಬಾಟಲಿ ನೀರು, ರೊಟ್ಟಿ, ಅಲ್ಲೇ ದಾರಿಯಲ್ಲಿ ಕೊಂಡ ದ್ರಾಕ್ಷಿ ತಿಂದೆವು.

ಸಂಜೆ ಊರೊಳಗೆ ತ್ವರ್ದಾಲ್ ನೋಡಿದೆವು. ಪೇತರ್ ಹೆಕ್ತೊರೊವಿಚ್ ಎಂಬ ಕವಿ ಹದಿನಾರನೇ ಶತಮಾನದಲ್ಲಿ ಕಟ್ಟಿಸಿದ ಕೋಟೆಯಂಥ ಮನೆ. ನಡುವೆ ಸಮುದ್ರದ ನೀರು ಬರುವ ಕೊಳ, ಅದರಲ್ಲಿ ಈಗಲೂ ಮೀನುಗಳು. ಪಾರಿವಾಳಕ್ಕೆ ಗೂಡು. ತುರ್ಕರ ದಾಳಿಯಾದರೆ ಊರಿನ ಜನ ಒಳಗೆ ಬಂದು ಇರಲಿ ಅಂತ ಗಟ್ಟಿ ಗೋಡೆ. ಈ ಪುಣ್ಯಾತ್ಮ ಇಬ್ಬರು ಮೀನುಗಾರರ ಜೊತೆ ದೋಣಿಯಲ್ಲಿ ಮೂರು ದಿನ ಬ್ರಾಚ್, ಶೋಲ್ತಾ ಕಡೆ ತಿರುಗಿ ಬಂದು ಅದನ್ನೇ ಒಂದು ಕಾವ್ಯ ಮಾಡಿದ. 1568ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಆ ಮೀನುಗಾರರು ಹಾಡಿದ ಹಾಡನ್ನು ರಾಗದ ಸಮೇತ ಬರೆದಿಟ್ಟಿದ್ದಾನೆ. ದೊಡ್ಡ ಮನೆತನದ ಯಜಮಾನ, ಎಪ್ಪತ್ತರ ಹತ್ತಿರದ ವಯಸ್ಸು, ದೋಣಿ ಹುಟ್ಟು ಹಾಕುವವರ ಮಾತನ್ನು ಇಷ್ಟು ಕಿವಿಗೊಟ್ಟು ಕೇಳಿದನಲ್ಲ ಅಂತ ಗೌರವ ಬಂತು.

ಮನೆಯ ಗೋಡೆಗಳ ಮೇಲೆಲ್ಲ ಲ್ಯಾಟಿನ್ ಸಾಲುಗಳು. ಶೌಚಾಲಯದ ಬಳಿಯೂ ಒಂದಿದೆ. ಅಳಿಯಂದಿರು ಅರ್ಥ ಓದಿದರು: ನೀನು ಏನು ಅಂತ ನಿನಗೇ ಗೊತ್ತಿರುವಾಗ ಯಾಕಪ್ಪಾ ಜಂಬ? ಸರಿಯಾದ ಜಾಗದಲ್ಲೇ ಬರೆಸಿದ್ದಾನೆ. ನಮ್ಮ ಎಷ್ಟೋ ಕಚೇರಿಗಳಿಗೆ ಇದೊಂದು ಕಲ್ಲು ಸಾಕು.

ರಾತ್ರಿ ಟ್ಯಾಕ್ಸಿ ಹಿಡಿದು ಹ್ವಾರ್ ಪಟ್ಟಣಕ್ಕೂ ಹೋಗಿ ಬಂದೆವು. ಚೆನ್ನಾಗಿದೆ. ಅಲ್ಲಿ 1612ರ ನಾಟಕಶಾಲೆ ಇದೆ, ಸಾಹುಕಾರರೂ ಸಾಮಾನ್ಯರೂ ಒಟ್ಟಿಗೆ ಕೂತು ನೋಡುತ್ತಿದ್ದರಂತೆ. ನಾವು ಹೋಗುವ ಹೊತ್ತಿಗೆ ಬಾಗಿಲು ಹಾಕಿತ್ತು. ಉಳಿದಂತೆ ಜನ, ಸಂಗೀತ, ದುಬಾರಿ ನಿಂಬೆ ಶರಬತ್ತು.

ಬುಧವಾರ: ವಿಸ್ ದ್ವೀಪ

ಬೆಳಿಗ್ಗೆಯಿಂದ ಆಕಾಶ ಮಂಕು. ಕ್ಯಾಪ್ಟನ್ ಹಣೆ ಒತ್ತಿಕೊಂಡು, "ಯೂಗೊ" ಅಂದರು. ಆಗ್ನೇಯದ ಗಾಳಿ. ತೇವ, ಸೆಕೆ, ದೊಡ್ಡ ಅಲೆ, ಹಿಂದೆ ಮಳೆ. ಯೂಗೊ ಬೀಸಿದರೆ ಇಲ್ಲಿನವರಿಗೆ ತಲೆನೋವು, ಸಿಟ್ಟು, ಬೇಸರ. ಹೆಂಡತಿಯರು ಗಂಡಂದಿರ ಜೊತೆ ವಾದ ಮಾಡುವುದಿಲ್ಲವಂತೆ. ನನ್ನ ಹೆಂಡತಿ ಈ ಪದ್ಧತಿಯನ್ನು ಒಪ್ಪಲಿಲ್ಲ.

ಆ ದಿನದ ಪಯಣದ ಮಾತು ಬೇಡ. ವಾಂತಿ ಮೂರು ಸಲ. ವಿಸ್ ಬಂದರಿನಲ್ಲಿ ಹಲಗೆ ದಾಟಿ ನೆಲಕ್ಕೆ ಕಾಲಿಟ್ಟು, ಧಕ್ಕೆಯ ಬಿಳಿ ಕಲ್ಲಿನ ಮೇಲೆ ಹತ್ತು ನಿಮಿಷ ಸುಮ್ನೆ ಕೂತೆ. ನೆಲವೂ ತೂಗುತ್ತಿತ್ತು.

ಸಂಜೆ ಹೊತ್ತಿಗೆ ಸ್ವಲ್ಪ ನಡೆದಾಡಿದೆವು. ನೀರಿನೊಳಕ್ಕೆ ಚಾಚಿದ ಸಣ್ಣ ನೆಲದ ತುಂಡಿನ ಮೇಲೆ ಫ್ರಾನ್ಸಿಸ್ಕನ್ ಪಂಥದ ಕ್ರೈಸ್ತ ಸನ್ಯಾಸಿಗಳ ಒಂದು ಮಠ. ಅದರ ಒಂದು ಗೋಡೆ ಬಾಗಿದೆ. ಕಟ್ಟಿದವರ ತಪ್ಪಲ್ಲ. ಕೆಳಗೆ ರೋಮನ್ನರ ರಂಗಮಂದಿರವಿತ್ತು, ಅದರ ಗುಂಡನೆಯ ಪಾಯದ ಮೇಲೇ ಗೋಡೆ ಎಬ್ಬಿಸಿದ್ದಾರೆ. ಇದ್ದ ಪಾಯ ಯಾಕೆ ಬಿಡಬೇಕು, ಅಲ್ವಾ?

ಗುರುವಾರ: ದ್ರಾಕ್ಷಿ ತೋಟದಲ್ಲಿ ಎರಡು ಸರಪಳಿ

ರಾತ್ರಿಯೆಲ್ಲ ಹಗ್ಗಗಳು ಕಿರುಗುಟ್ಟಿದವು. ಬೆಳಿಗ್ಗೆ ಅಲೆ ಇನ್ನೂ ಜೋರಾಗಿತ್ತು. ಪಕ್ಕದ ಬಿಶೇವೊ ದ್ವೀಪದ ನೀಲಿ ಗುಹೆಗೆ ಹೋಗುವುದು ಅಂತಿತ್ತು. ಬಿಸಿಲು ನೀರಿನ ಕೆಳಗಿನಿಂದ ಒಳಗೆ ಬಂದು ಗುಹೆಯೆಲ್ಲ ನೀಲಿಯಾಗುತ್ತದಂತೆ. ಈಗ ದೋಣಿ ಹೋಗುವ ಕಿಂಡಿಯನ್ನು 1884ರಲ್ಲಿ ಒಡೆದು ಮಾಡಿದ್ದು. ಕಿಂಡಿ ತಗ್ಗು, ಅಲೆ ಇದ್ದರೆ ಯಾರನ್ನೂ ಬಿಡುವುದಿಲ್ಲ. ಮೊಮ್ಮಗನ ಮುಖ ಸಪ್ಪೆಯಾಯಿತು. ಅಳಿಯಂದಿರು ಒಂದು ಹಳೇ ಕಾರು ಬಾಡಿಗೆಗೆ ತಂದರು. ಒಂದು ಕಿಟಕಿ ಏರುತ್ತಿರಲಿಲ್ಲ, ಹಾಗಾಗಿ ಅವತ್ತು ಮಳೆ ನನ್ನ ಪಾಲಿಗೆ ಬಂತು.

ಕ್ರೊಯೇಷಿಯಾ ಹಿಂದೆ ಸೇರಿದ್ದ ಯುಗೊಸ್ಲಾವಿಯಾ ದೇಶಕ್ಕೆ ವಿಸ್ ಸೇನಾ ನೆಲೆಯಾಗಿತ್ತು. 1989ರವರೆಗೆ ವಿದೇಶಿಯರು ಇಲ್ಲಿಗೆ ಕಾಲಿಡುವ ಹಾಗಿರಲಿಲ್ಲ. ಗುಡ್ಡ ಕೊರೆದು ಜಲಾಂತರ್ಗಾಮಿ ಅಡಗಿಸಲು ಮಾಡಿದ ಸುರಂಗ ಈಗ ಖಾಲಿ ಬಾಯಿ ತೆರೆದು ನಿಂತಿದೆ. ಮುಂದೆ ಯುಗೊಸ್ಲಾವಿಯಾವನ್ನು ಆಳಿದ ಟಿಟೊ 1944ರಲ್ಲಿ, ಯುದ್ಧದ ಹೊತ್ತಿಗೆ, ಅಡಗಿದ್ದ ಗುಹೆ ಹುಮ್ ಬೆಟ್ಟದ ಮೈಯಲ್ಲಿದೆ. ಮೆಟ್ಟಿಲು ಹತ್ತಿ ಹೋದರೆ ಒಳಗೆ ಏನೂ ಇಲ್ಲ, ಒದ್ದೆ ಗೋಡೆ ಅಷ್ಟೇ. ಹೆಂಡತಿ ಅರ್ಧದಲ್ಲೇ ಕೂತಳು. ಅವಳ ತೀರ್ಮಾನವೇ ಸರಿ ಇತ್ತು.

ಕೊಮಿಝಾ ಎಂಬ ಮೀನುಗಾರರ ಊರಿನಲ್ಲಿ ಊಟ. ಇಲ್ಲಿಯ ಮೀನುಗಾರರು ಹಿಂದೆ ನಡುಸಮುದ್ರದ ಪಲಗ್ರುಝಾ ಬಂಡೆಗೆ, 42 ನಾಟಿಕಲ್ ಮೈಲಿ, ಪಂದ್ಯ ಕಟ್ಟಿಕೊಂಡು ಹುಟ್ಟು ಹಾಕುತ್ತಿದ್ದರಂತೆ. ಮೊದಲು ಮುಟ್ಟಿದವರಿಗೆ ಒಳ್ಳೆಯ ಜಾಗ. ಊರ ಮೇಲಿನ ಸಂತ ನಿಕೊಲಸ್ ಚರ್ಚಿನ ಮುಂದೆ ಪ್ರತಿ ವರ್ಷ ಡಿಸೆಂಬರ್ 6ಕ್ಕೆ ಒಂದು ಹಳೇ ಮರದ ದೋಣಿ ಸುಡುತ್ತಾರೆ. ಊರಿನ ವಿಶೇಷ ತಿಂಡಿ ಪೊಗಾಚಾ, ಉಪ್ಪು ಮೀನು ಈರುಳ್ಳಿ ತುಂಬಿದ ರೊಟ್ಟಿ. ಕೊಮಿಝಾದವರು ಟೊಮೆಟೊ ಹಾಕುತ್ತಾರೆ, ವಿಸ್ ಪಟ್ಟಣದವರು ಹಾಕುವುದಿಲ್ಲ, ಇದಕ್ಕೇ ಎರಡು ಊರಿಗೆ ಆಗುವುದಿಲ್ಲ. ಮೊಮ್ಮಗ ತಿಂದ. ಅವನ ಅಜ್ಜಿ ಆ ಹೊತ್ತಿಗೆ ಸಮುದ್ರದ ಕಡೆ ಮುಖ ಮಾಡಿ ಕೂತಿದ್ದಳು.

ವಾಪಸ್ ಬರುವಾಗ ದ್ವೀಪದ ನಡುವಿನ ಪ್ಲಿಸ್ಕೊ ಪೊಲ್ಯೆ ಬಯಲು. ಸುತ್ತ ದ್ರಾಕ್ಷಿ ತೋಟ. 1944ರಲ್ಲಿ ಇಲ್ಲಿ ದ್ರಾಕ್ಷಿ ಬಳ್ಳಿ ಕಿತ್ತು ಮಿತ್ರಪಡೆಗಳು ರನ್‌ವೇ ಮಾಡಿದ್ದವು. ಏಟು ತಿಂದ ಬಾಂಬರ್ ವಿಮಾನಗಳು ಇಳಿಯುತ್ತಿದ್ದವು. 1972ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತ ಜಾರ್ಜ್ ಮೆಕ್‌ಗವರ್ನ್ ಹಾಗೆ ಜೀವ ಉಳಿಸಿಕೊಂಡ ಪೈಲಟ್‌ಗಳಲ್ಲಿ ಒಬ್ಬರು. ಆದರೆ ನಾನು ಕಾರು ನಿಲ್ಲಿಸಿ ಅಂದದ್ದು ಅದಕ್ಕಲ್ಲ. ತೋಟದ ಪಕ್ಕದಲ್ಲಿ ಕ್ರಿಕೆಟ್ ಮೈದಾನ!

1811ರಲ್ಲಿ ಈ ದ್ವೀಪದ ಮುಂದೆ ನಡೆದ ಕಾಳಗದಲ್ಲಿ ವಿಲಿಯಂ ಹೋಸ್ಟ್ ಎಂಬ ಬ್ರಿಟಿಷ್ ಕ್ಯಾಪ್ಟನ್ ನೆಪೋಲಿಯನ್ ಕಡೆಯ ಹಡಗುಗಳನ್ನು ಸೋಲಿಸಿದ. ಆಮೇಲೆ ಬ್ರಿಟಿಷರು ಕೆಲವು ವರ್ಷ ಇಲ್ಲೇ ಇದ್ದರು, ಹೊತ್ತು ಹೋಗಲು ಕ್ರಿಕೆಟ್ ಆಡಿದರು. ಈಗಿನ ಊರಿನವರು ಅವನ ಹೆಸರಿನಲ್ಲೇ ಕ್ಲಬ್ ಕಟ್ಟಿಕೊಂಡು ಮತ್ತೆ ಶುರು ಮಾಡಿದ್ದಾರೆ.

ಜರ್ಮನಿಯಲ್ಲಿ ಬೆಳೆದ ಮೊಮ್ಮಗನಿಗೆ ಫುಟ್‌ಬಾಲ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲ. ಮಳೆ ನಿಂತಿತ್ತು, ಮೈದಾನದಲ್ಲಿ ಯಾರೂ ಇರಲಿಲ್ಲ. ಅವನ ಕೈ ಹಿಡಿದು ಒಂದು ಸ್ಟಂಪ್ ನೆಡುವ ಜಾಗದಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸಿದೆ. ಇಪ್ಪತ್ತಾರು ಹೆಜ್ಜೆ, ಮೇಲೆ ಒಂದಡಿ. ಅರವತ್ತಾರು ಅಡಿ. ಈ ಸಲ ಐಸ್‌ಕ್ರೀಮ್ ಸಾಲು ಅಡ್ಡ ಬರಲಿಲ್ಲ.

"ಇದು ಎಷ್ಟು ಹೇಳು?" ಅಂದೆ. "ಇಪ್ಪತ್ತು ಮೀಟರ್" ಅಂದ. ಹತ್ತಿರ ಹತ್ತಿರ ಸರಿಯೇ. ಆದರೆ ನನಗೆ ಅದು ಎರಡು ಸರಪಳಿ. ನಾನು ಕೆಲಸಕ್ಕೆ ಸೇರಿದಾಗ ಹೆಗಲ ಮೇಲೆ ಹೊತ್ತದ್ದು ಮೂವತ್ಮೂರು ಅಡಿಯ ಕಬ್ಬಿಣದ ಸರಪಳಿ, ಆಣೆ ಅನ್ನುವ ಹದಿನಾರು ಭಾಗದ್ದು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಅದರ ಎರಡರಷ್ಟು, ಅರವತ್ತಾರು ಅಡಿಯದ್ದು, ಇಂಗ್ಲೆಂಡಿನ ಗುಂಟರ್ 1620ರಲ್ಲಿ ಮಾಡಿದ ಸರಪಳಿ. ಕ್ರಿಕೆಟ್ ಪಿಚ್ಚಿನ 22 ಗಜ ಅಂದರೆ ಅದೇ ಉದ್ದ. ಇಷ್ಟು ವರ್ಷ ಟಿವಿಯಲ್ಲಿ ಮ್ಯಾಚ್ ನೋಡಿದ್ದೇನೆ, ಒಂದು ದಿನವೂ ತಲೆಗೆ ಹೊಳೆದಿರಲಿಲ್ಲ. ಏಡ್ರಿಯಾಟಿಕ್ ಸಮುದ್ರದ ನಡುವಿನ ದ್ವೀಪದಲ್ಲಿ, ಮೊಣಕಾಲವರೆಗೆ ಕೆಸರಾಗಿ ನಿಂತಾಗ ಹೊಳೆಯಿತು.

ಮೊಮ್ಮಗನಿಗೆ ಸರಪಳಿ ಅಂದರೆ ಏನು ಅಂತ ಹೇಳಿದೆ. ಸೇವಕ ಒಂದು ತುದಿ ಹಿಡಿಯುತ್ತಿದ್ದ, ನಾನು ಇನ್ನೊಂದು. ರೈತ ನಡುವೆ ನಿಂತು ಸರಪಳಿ ಜೋಲು ಬಿದ್ದಿದೆ, ಬಿಗಿ ಹಿಡೀರಿ ಸಾಹೇಬ್ರ ಅಂತ ಕೂಗುತ್ತಿದ್ದ. ಅವನಿಗೆ ಎಷ್ಟು ಅರ್ಥವಾಯಿತೋ, "ಈಗ ಆಡೋಣ" ಅಂದ. ಬ್ಯಾಟು ಇಲ್ಲ. ತೋಟದ ಅಂಚಿನಲ್ಲಿ ಬಿದ್ದಿದ್ದ ಒಂದು ಮರದ ಗೂಟ, ಕಾರಿನಲ್ಲಿದ್ದ ಒಂದು ನಿಂಬೆಹಣ್ಣು. ಮೂರು ಎಸೆತ ಹಾಕಿದೆ. ಮೂರನೆಯದಕ್ಕೆ ಅವನು ಹೊಡೆದ, ನಿಂಬೆಹಣ್ಣು ಎರಡಾಯಿತು. ಹೆಂಡತಿ ಕಾರಿನಿಂದಲೇ ಕೂಗಿದಳು: "ನಾಳಿಗಿ ವಾಂತಿ ಬಂದ್ರ ಏನ್ ಮೂಸಿ ನೋಡ್ತೀರಿ?"

ಶುಕ್ರವಾರ: ಮತ್ತೆ ಸ್ಪ್ಲಿಟ್

ಯೂಗೊ ಇಳಿದಿತ್ತು. ಬೇಗ ಹೊರಟೆವು. ಅರ್ಧ ದಾರಿಯಲ್ಲಿ ಕ್ಯಾಪ್ಟನ್ ಚುಕ್ಕಾಣಿ ನನ್ನ ಕೈಗೆ ಕೊಟ್ಟು, ದೂರದ ಗುಡ್ಡದ ತುದಿ ತೋರಿಸಿ ಅದಕ್ಕೆ ನೇರ ಹಿಡಿಯಿರಿ ಅಂದರು. ಗುರಿ ಇಟ್ಟು ನೇರ ಗೆರೆ ಹಿಡಿಯುವುದು ನನಗೆ ಹೊಸದಲ್ಲ. ಅರ್ಧ ತಾಸು ಹಿಡಿದೆ. ಹೊಟ್ಟೆ ತೊಳಸಲಿಲ್ಲ. ಈ ಕೆಲಸ ಭಾನುವಾರವೇ ಕೊಟ್ಟಿದ್ದರೆ ಶುಂಠಿ ಉಳಿಯುತ್ತಿತ್ತು.

ಸಂಜೆ ಸ್ಪ್ಲಿಟ್‌ನ ಸಂತೆಬೀದಿಯಲ್ಲಿ ಸೊಪಾರ್ನಿಕ್ ಸಿಕ್ಕಿತು. ಎರಡು ತೆಳು ಹಿಟ್ಟಿನ ಹಾಳೆಯ ನಡುವೆ ಅದೇ ಬ್ಲಿತ್ವಾ ಸೊಪ್ಪು, ಈರುಳ್ಳಿ. ಒಲೆಯ ಕೆಂಡಬೂದಿಯಲ್ಲಿ ಸುಟ್ಟು, ಮೇಲೆ ಬೆಳ್ಳುಳ್ಳಿ ಆಲಿವ್ ಎಣ್ಣೆ ಸವರಿದ್ದು. ಖಾರದ ಹೋಳಿಗೆ ಅನ್ನಿ. ಕೊನೇ ದಿನ ಗೊತ್ತಾಗಬೇಕಿತ್ತಾ ಇದು! ನಾಲ್ಕು ತುಂಡು ತಿಂದೆ.

ಶನಿವಾರ: ಇಳಿದೆವು

ಬೆಳಿಗ್ಗೆ ಒಂಬತ್ತಕ್ಕೆ ದೋಣಿ ಖಾಲಿ ಮಾಡಬೇಕು. ಒಬ್ಬ ಹುಡುಗ ಬಂದು ಚಮಚ, ತಟ್ಟೆ, ಹಗ್ಗ ಎಲ್ಲ ಎಣಿಸಿದ. ಪುಚಿಶ್ಚಾದ ಕಲ್ಲು ಅಡುಗೆ ಕಟ್ಟೆಯ ಮೇಲಿತ್ತು. ಅದನ್ನೂ ದೋಣಿಯ ಸಾಮಾನು ಅಂದುಕೊಂಡು ಪಟ್ಟಿಯಲ್ಲಿ ಹುಡುಕತೊಡಗಿದ. ಹೆಂಡತಿ ಕೈಯಿಂದ ಕಸಿದು ಚೀಲಕ್ಕೆ ಹಾಕಿಕೊಂಡಳು. ಮೂರು ದಿನದಿಂದ ಬೆಳ್ಳುಳ್ಳಿ ಜಜ್ಜಿ ಜಜ್ಜಿ ಅದರ ಒಂದು ಮುಖ ಆಗಲೇ ಹಳದಿಯಾಗಿತ್ತು.

ಕೊನೆಗೆ ಏಳು ಖಡಕ್ ರೊಟ್ಟಿ ಉಳಿದಿದ್ದವು. ಕ್ಯಾಪ್ಟನ್‌ಗೆ ಕೊಟ್ಟೆವು. ಅವರು ಒಂದನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದರು, ಮುರಿದು ಕಾಫಿಯಲ್ಲಿ ಅದ್ದಿ ಬಾಯಿಗಿಟ್ಟರು. ಹಡಗಿನಲ್ಲಿದ್ದ ನಮ್ಮಜ್ಜ ಇಂಥದ್ದನ್ನೇ ತಿನ್ನುತ್ತಿದ್ದರು ಅಂದರು. ಎಷ್ಟು ದಿನ ಇರುತ್ತದೆ ಅಂತ ಕೇಳಿದರು. ಮಗಳು, ಒಂದು ತಿಂಗಳು ಅಂದಳು. ಅವರು ಉಳಿದ ಆರನ್ನೂ ಎಣಿಸಿ, ಕಾಗದದಲ್ಲಿ ಸುತ್ತಿ, ಸಮುದ್ರದ ನಕ್ಷೆಗಳನ್ನಿಡುವ ಡ್ರಾಯರ್‌ನಿಂದ ತಮ್ಮ ಚೀಲ ತೆಗೆದು ಅದರೊಳಗಿಟ್ಟುಕೊಂಡರು. ಅವತ್ತೇ ಮಧ್ಯಾಹ್ನ ಅವರಿಗೆ ಇನ್ನೊಂದು ದೋಣಿ ಇತ್ತು.